ಅಂಗಳ ದಾಟಿದ ಮೇಲೆ

ಯಾವ ಕವಿಯ ಮನೆ ಉಳಿಯಬೇಕು ಎಂಬುದನ್ನು ಕಾವ್ಯ ತೀರ್ಮಾನಿಸುವುದಿಲ್ಲ, ಜಮೀನು ತೀರ್ಮಾನಿಸುತ್ತದೆ. ಮರದ ಕಂಬದ, ಹೆಂಚಿನ ತೊಟ್ಟಿಮನೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ನಮ್ಮ ಕೇರಿಯ ಸೋಗೆ ಗುಡಿಸಲು ಎರಡು ಮಳೆಗಾಲ ತಡೆದರೆ ಹೆಚ್ಚು.

ಈ ಮಾತನ್ನು ತಲೆಯಲ್ಲಿಟ್ಟುಕೊಂಡೇ ನಾವು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋದೆವು. ಕುವೆಂಪು ಬೆಳೆದ ಮನೆ. 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ‘ಕವಿಮನೆ’ಯಾಗಿ ಕಾಪಾಡಿದೆ. ನಾವು ಮೂವರೂ ಒಂದೇ ಮನೆಯ ಮಕ್ಕಳು; ನಮಗಿಂತ ಹಿಂದೆ ಯಾರೂ ಡಿಗ್ರಿ ಕಂಡವರಿಲ್ಲ. ಜೊತೆಗೆ ದೊಡ್ಡವ್ವ, ಕೂಲಿ ಮಾಡಿ ನಮ್ಮನ್ನು ಓದಿಸಿದಾಕೆ.

ಅಂಗಳಕ್ಕೆ ಬಂದದ್ದೇ ದೊಡ್ಡವ್ವ ನಿಂತುಬಿಟ್ಟಳು. “ನೀವು ನೋಡ್ಕಂಡು ಬನ್ರಪ್ಪ, ನಾನು ಇಲ್ಲೇ ಕುಂತಿರ್ತೀನಿ.” ಯಾರೂ ತಡೆದಿರಲಿಲ್ಲ. ಆದರೂ ಕಾಲು ಏಳಲಿಲ್ಲ. ದೊಡ್ಡಮನೆ ಜಗಲಿ ಕಂಡರೆ ನಿಲ್ಲಬೇಕು ಅನ್ನೋದನ್ನ ಆ ಕಾಲಿಗೆ ಕಲಿಸಿದ್ದು ಒಂದೆರಡು ವರ್ಷದಲ್ಲಲ್ಲ.

ನಮಗೆ ಗುತ್ತಿ ನೆನಪಾದ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ. ಹೆಗ್ಗಡೆಗಳ ಕಾಲದಲ್ಲಿ ಅವನಂಥವರಿಗೆ ಇಂಥ ಮನೆಗಳ ಅಂಗಳವೇ ಗಡಿ. ಆ ಗಡಿಯ ಒಳಗೆ ಬೆಳೆದ ಕವಿ, ಹೊರಗೆ ನಿಂತವನನ್ನೇ ಅವನ ನಾಯಿ ಹುಲಿಯನ ಸಮೇತ ಕಾದಂಬರಿಯ ಮುಂದಿನ ಸಾಲಿಗೆ ಕರೆತಂದರು. ಅದಕ್ಕೂ ಎಷ್ಟೋ ಮೊದಲೇ ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಜಲಗಾರನಾಗಿ ಬೀದಿಗೆ ಇಳಿಸಿದ್ದರು. ಈ ಋಣ ನಮಗೆ ಗೊತ್ತು. ಆದರೆ ಗುತ್ತಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದಕ್ಕೂ ದೊಡ್ಡವ್ವನ ಕಾಲು ಹೊಸಿಲು ದಾಟೋದಕ್ಕೂ ನಡುವೆ ಇನ್ನೂ ಒಂದು ಅಂಗಳ ಉಳಿದಿದೆ.

ಕೈ ಹಿಡಿದು ಒಳಕ್ಕೆ ಕರೆದೊಯ್ದೆವು. ಫೋಟೋ, ಪುಸ್ತಕಗಳ ಮುಂದೆ ಆಕೆ ಸುಮ್ಮನೆ ಸಾಗಿದಳು. ಬೇಸಾಯದ ಸಾಮಾನು ಇಟ್ಟ ಕಡೆ ನಿಂತು ಒಂದೊಂದನ್ನೂ ಹೆಸರು ಹಿಡಿದು ಹೇಳಿದಳು. “ನಾವು ಒಳೀಕೆ ಬರದಿದ್ರೂ ನಾವು ಹಿಡ್ದದ್ದು ಬಂದು ಕುಂತದಲ್ಲ!” ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

2015ರಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಯ ಪದ್ಮ ಪದಕಗಳನ್ನು ಹೊತ್ತೊಯ್ದರು. ನಾಡು ಮರುಗಿತು, ಪೊಲೀಸರು ಬಂದರು. ನೇಗಿಲ ಮೇಣಿ ಹಿಡಿದು ಸವೆದವರ ಹೆಸರು ಕಳೆದುಹೋದದ್ದಕ್ಕೆ ಮಾತ್ರ ಯಾವ ಠಾಣೆಯಲ್ಲೂ ದೂರು ದಾಖಲಾಗಿಲ್ಲ.

ಹಳ್ಳಿ ಮೇಷ್ಟ್ರುಗಳೇ, ಮಕ್ಕಳನ್ನು ಕುಪ್ಪಳಿಗೆ ಖಂಡಿತ ಕರೆದೊಯ್ಯಿರಿ. ಕವಿಶೈಲ ಹತ್ತಿಸುವ ಮುಂಚೆ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಇಲ್ಲಿಂದ ಒಳಕ್ಕೆ ಯಾರು ಹೋಗುವಂತಿರಲಿಲ್ಲ ಎಂದು ಕೇಳಿ. ಊರಿಗೆ ಬಂದ ಮೇಲೆ ಕೇರಿಯ ಮುದುಕಿಯರ ಹತ್ತಿರ ಕೂರಿಸಿ, ಅವರು ಹೇಳಿದ್ದನ್ನು ಬರೆಸಿ. ಗುಡಿಸಲು ಬಿದ್ದುಹೋದರೂ ನೋಟ್‌ಬುಕ್ಕು ಉಳಿಯುತ್ತದೆ.