ಒಗ್ಗರಣೆ ಸದ್ದಿನ ನಡುವೆ ಸಿನಿಮಾ

ಮನೆಯಲ್ಲಿ ಕೂತು ಸಿನಿಮಾ ನೋಡುವವರ ಬಾಯಲ್ಲಿ ಈಗ ಒಂದು ತೀರ್ಪು ಸದಾ ಸಿದ್ಧವಾಗಿರುತ್ತದೆ: ಹಳೆಯದು ಚಿನ್ನ, ಹೊಸದು ಬರೀ ಗದ್ದಲ. ‘ಕಸ್ತೂರಿ ನಿವಾಸ’ ಎಷ್ಟನೇ ಸಲವೋ ಬರುತ್ತಿದ್ದರೂ ಚಾನೆಲ್ ತಿರುಗಿಸುವ ಕೈ ಅಲ್ಲಿ ತಡೆದು ನಿಲ್ಲುತ್ತದೆ. ಥಿಯೇಟರಿನಲ್ಲಿ ಮೈ ಜುಮ್ಮೆನಿಸಿದ್ದ ಮೊನ್ನೆಯ ಚಿತ್ರವೋ, ಮನೆಗೆ ಬಂದ ಅರ್ಧ ಗಂಟೆಯೊಳಗೆ ಮೊಬೈಲಿನ ಮುಂದೆ ಸೋತು ಹೋಗುತ್ತದೆ. ಈ ಅನುಭವ ಸುಳ್ಳಲ್ಲ, ಆದರೆ ಅದರಿಂದ ನಾವು ಎಳೆದು ತರುವ ತೀರ್ಮಾನ ತಪ್ಪು. ಮನೆಯಲ್ಲಿ ಗೆಲ್ಲುವುದಕ್ಕೂ ಸೋಲುವುದಕ್ಕೂ ಚಿತ್ರದ ವಯಸ್ಸು ಕಾರಣವಲ್ಲ. ಅದು ಎಂಥ ಜಾಗದಲ್ಲಿ, ಎಂಥ ಜನರ ನಡುವೆ ನಡೆಯಬೇಕೆಂದು ಹುಟ್ಟಿತು ಎನ್ನುವುದೇ ಕಾರಣ. ನಮ್ಮ ಹಾಲಿನ ಸೋಫಾ ಇವತ್ತಿನ ಮಲ್ಟಿಪ್ಲೆಕ್ಸಿಗಿಂತ ಹಳೇ ಟೆಂಟಿಗೇ ಹತ್ತಿರದ ನೆಂಟ.

ಟೆಂಟ್ ಸಿನಿಮಾ ಎಂದರೆ ಏನಿತ್ತು, ನೆನೆಸಿಕೊಳ್ಳಿ. ನೆಲದ ಮೇಲೆ ಕೂತವರು, ಅತ್ತ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ ಬರುವವರು, ಕಡಲೆಕಾಯಿ ಮಾರುವವರು, ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗ ಆಟ ನಿಲ್ಲಬೇಕು, ಬದಲಾಯಿಸಿದ ಮೇಲೆ ಮತ್ತೆ ಶುರುವಾಗಬೇಕು. ಅಂಥ ಜಾಗದಲ್ಲಿ ಕಥೆ ಕೈ ತಪ್ಪದಂತೆ ಹೇಳಬೇಕಾದರೆ ಮಾತು ಬಿಡಿಬಿಡಿಯಾಗಿ ಕೇಳಿಸಬೇಕು, ಮುಖ್ಯವಾದ ಸಂಗತಿಯನ್ನು ಎರಡು ಸಲವಾದರೂ ಹೇಳಬೇಕು, ಯಾರು ಯಾರಿಗೆ ಏನಾಗಬೇಕು ಎಂಬುದು ನಡುವೆ ಬಂದು ಕೂತವನಿಗೂ ತಿಳಿಯಬೇಕು. ಹಳೆಯ ಚಿತ್ರಗಳಲ್ಲಿ ಒಬ್ಬ ‘ಅಣ್ಣ ಮನೆ ಬಿಟ್ಟು ಹೋದ’ ಎಂದರೆ ಇನ್ನೊಬ್ಬಳು ಸೆರಗು ಬಾಯಿಗೊತ್ತಿ ‘ಏನು, ಅಣ್ಣ ಮನೆ ಬಿಟ್ಟು ಹೋದನೇ?’ ಎಂದು ಕೇಳುತ್ತಾಳಲ್ಲ, ಅದನ್ನು ನಾವು ಗೇಲಿ ಮಾಡುತ್ತೇವೆ. ಆ ಎರಡನೆಯ ಮಾತು ಹೊರಗೆ ಹೋಗಿ ಬಂದವನ ಪಾಲು. ಈಗ ಮನೆಯಲ್ಲಿ ನಡೆಯುವುದೂ ಅದೇ ತಾನೇ? ಬಾಗಿಲ ಬೆಲ್ಲು, ಕುಕ್ಕರಿನ ಕೂಗು, ಒಗ್ಗರಣೆಯ ಚಟಪಟ, ಹೋಮ್‌ವರ್ಕ್ ಕೇಳುವ ಮಗು. ಟೆಂಟಿನ ಗದ್ದಲಕ್ಕೆ ಪಳಗಿದ ಚಿತ್ರಕ್ಕೆ ನಮ್ಮ ಮನೆಯ ಗದ್ದಲ ಯಾವ ಲೆಕ್ಕ?

ಹಾಗಾದರೆ ಅದು ರೇಡಿಯೋ ನಾಟಕ, ಸಿನಿಮಾ ಅಲ್ಲ ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪ ತೂಕದ್ದೇ. ಇದಕ್ಕೆ ಉತ್ತರವಾಗಿ ದೊರೆ–ಭಗವಾನ್ ಅವರ 1971ರ ‘ಕಸ್ತೂರಿ ನಿವಾಸ’ದ ಕೊನೆಯನ್ನೇ ನೋಡೋಣ. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸಿ, ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನ ಮನೆಗೆ ನೀಲಾ ಬರುತ್ತಾಳೆ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಮನೆತನವಲ್ಲ ಅದು. ಊಟವಾದ ಮೇಲೆ ಅವಳು ಬಂದ ಕಾರಣ ಹೇಳುತ್ತಾಳೆ: ಮಗುವಿಗೆ ರವಿವರ್ಮ ಸಾಕಿದ ಪಾರಿವಾಳ ಬೇಕಂತೆ. ಅವಳು ಈಗತಾನೇ ಉಂಡದ್ದು ಆ ಪಾರಿವಾಳವನ್ನೇ ಮಾರಿ ಒದಗಿಸಿದ ಊಟ. ಕೊಡುವುದೊಂದೇ ಗೊತ್ತಿದ್ದವನಿಗೆ ಮೊದಲ ಸಲ ಇಲ್ಲ ಎನ್ನಬೇಕಾಗಿ ಬಂದಿದೆ. ಇಲ್ಲಿ ಬೇಕಾದದ್ದು ಒಂದು ಕೋಣೆ, ರಾಜ್‌ಕುಮಾರ್ ಮತ್ತು ಜಯಂತಿಯವರ ಎರಡು ಮುಖ, ಒಂದು ಊಟ. ಮಾತನ್ನು ಕಿವಿ ಹಿಡಿಯುತ್ತದೆ, ನಿಜ. ಆದರೆ ಕೇಳಿದ ಮೇಲೆ ರಾಜ್ ಮುಖದಲ್ಲಿ ಆಗುವುದನ್ನು ನೋಡಲು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬರುತ್ತಾರೆ. ಕರೆಯುವ ಕೆಲಸ ಮಾತಿನದು, ನಿಲ್ಲಿಸಿಕೊಳ್ಳುವ ಕೆಲಸ ಮುಖದ್ದು. ಇದನ್ನು ಸಿನಿಮಾ ಅಲ್ಲ ಎನ್ನುವುದು ಹೇಗೆ? 2014ರಲ್ಲಿ ಈ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣದಿಂದ ಆ ದೃಶ್ಯಕ್ಕೆ ಕೂಡಿದ್ದು ಏನೂ ಇಲ್ಲವೆಂದೇ ನನ್ನ ಅನಿಸಿಕೆ. ಊಟದ ಮನೆಯ ಸಂಕಟಕ್ಕೆ ಊಟದ ಮನೆಯ ಟಿವಿಯೇ ಸಾಕಾಗುತ್ತದೆ.

ಈಗ ‘ಕಾಂತಾರ’ದ ಕೊನೆಯನ್ನು ಇದೇ ಟಿವಿಗೆ ತನ್ನಿ. 2022ರಲ್ಲಿ ಜನ ಥಿಯೇಟರಿನಿಂದ ಮಾತಿಲ್ಲದೆ ಹೊರಬಂದದ್ದು ಆ ದೈವದ ಕೂಗಿಗೆ. ಕತ್ತಲು, ಬೆಂಕಿ, ಎದೆಯನ್ನೇ ಗುದ್ದುವ ಸದ್ದು, ಪಕ್ಕದವನ ಉಸಿರು, ಎಲ್ಲ ಸೇರಿ ಆದ ಅನುಭವ ಅದು. ಮನೆಯಲ್ಲಿ ಆ ಕೂಗು ಬರುವ ಹೊತ್ತಿಗೆ ಕೈ ರಿಮೋಟಿಗೆ ಹೋಗಿರುತ್ತದೆ. ಪಕ್ಕದ ಮನೆಯವರು ಏನೆಂದುಕೊಂಡಾರು! ಇದರಲ್ಲಿ ನಿರ್ದೇಶಕರ ತಪ್ಪಿಲ್ಲ. ಇವತ್ತಿನ ಚಿತ್ರದ ಧ್ವನಿಯನ್ನು ಸುತ್ತಲಿಂದ ಕೇಳಿಸುವ ಹಲವು ಸ್ಪೀಕರುಗಳಿಗಾಗಿ ಹೊಂದಿಸುತ್ತಾರೆ. ಪಿಸುಮಾತಿಗೂ ಸಿಡಿತಕ್ಕೂ ನಡುವಿನ ಅಂತರವನ್ನು ಬೇಕೆಂದೇ ದೊಡ್ಡದಾಗಿ ಇಡುತ್ತಾರೆ. ಅದೆಲ್ಲವನ್ನೂ ತೆಳ್ಳನೆಯ ಟಿವಿಯ ಬೆನ್ನಿಗಿರುವ ಎರಡು ಪುಟ್ಟ ಸ್ಪೀಕರುಗಳಿಗೆ ತುರುಕಿದರೆ ಮಾತು ತಳ ಸೇರುತ್ತದೆ, ಹೊಡೆದಾಟ ಮೇಲೆ ತೇಲುತ್ತದೆ. ಮಾತಿಗೆ ವಾಲ್ಯೂಮ್ ಏರಿಸು, ಫೈಟಿಗೆ ಇಳಿಸು. ಎರಡೂವರೆ ಗಂಟೆ ಇದೇ ಉದ್ಯೋಗ. ಹಳೆಯ ಚಿತ್ರಗಳ ಧ್ವನಿ ಬರುತ್ತಿದ್ದುದೇ ಒಂದು ದಾರಿಯಲ್ಲಿ, ಅದರಲ್ಲೂ ಸಂಭಾಷಣೆಗೆ ಮೊದಲ ಮಣೆ. ಎರಡು ಸ್ಪೀಕರಿಗೆ ಇಳಿಸಿದರೆ ಅದು ಕಳೆದುಕೊಳ್ಳುವುದು ಕಡಿಮೆ. ‘ಕೆಜಿಎಫ್’ ಮಾತ್ರ ಇಲ್ಲಿ ಒಂದು ವಿನೋದದ ಅಪವಾದ. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರಿಕೆ ಬದಲಾಗುವ ಆ ಚಿತ್ರಕ್ಕೂ ಕಥೆ ಹೇಳಲು ಒಬ್ಬ ಹಿರಿಯ ಬೇಕಾಯಿತು, ಮೊದಲ ಭಾಗದಲ್ಲಿ ಅನಂತನಾಗ್, ಎರಡರಲ್ಲಿ ಪ್ರಕಾಶ್ ರೈ. ಅಷ್ಟು ಅಬ್ಬರದ ಒಳಗೂ ಹರಿಕಥೆ ದಾಸರಿಗೆ ಒಂದು ಜಾಗ ಇಟ್ಟುಕೊಂಡಿದ್ದರಿಂದಲೇ ಅದನ್ನು ಅಡುಗೆಮನೆಯಿಂದಲೂ ಹಿಂಬಾಲಿಸಬಹುದು.

ಇನ್ನೊಂದು ಆಕ್ಷೇಪವೂ ಇದೆ, ಇದು ಮೊದಲನೆಯದಕ್ಕಿಂತ ಗಟ್ಟಿ. ನಾವು ಹಳೆಯ ಕಾಲವನ್ನೆಲ್ಲ ನೋಡುತ್ತಿಲ್ಲ, ಅದರ ಕೆನೆಯನ್ನಷ್ಟೇ ನೋಡುತ್ತಿದ್ದೇವೆ. ‘ಗೆಜ್ಜೆ ಪೂಜೆ’, ‘ಶರಪಂಜರ’, ‘ಬಂಗಾರದ ಮನುಷ್ಯ’, ‘ಭೂತಯ್ಯನ ಮಗ ಅಯ್ಯು’ ಉಳಿದವು. ಅವುಗಳ ಜೊತೆಗೇ ಬಂದು ಒಂದೇ ವಾರದಲ್ಲಿ ಡಬ್ಬ ಸೇರಿದವನ್ನು ಯಾವ ಚಾನೆಲ್ಲೂ ಹುಡುಕಿ ತಂದು ಹಾಕುವುದಿಲ್ಲ. ಹೊಸದರಲ್ಲಿ ಮಾತ್ರ ಕಾಳು ಜೊಳ್ಳು ಎರಡೂ ಒಟ್ಟಿಗೇ ಮನೆಗೆ ಬರುತ್ತವೆ. ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಷ್ಟೇ ಅಲ್ಲ, ಉಳಿದ ಕೆನೆಯಲ್ಲೂ ಮನೆಯಲ್ಲಿ ಹುಳಿಯಾಗುವುದು ಉಂಟು. ಸೊಕ್ಕಿನ ಹುಡುಗಿಗೆ ಗಂಡ ಬುದ್ಧಿ ಕಲಿಸುವ ‘ನಂಜುಂಡಿ ಕಲ್ಯಾಣ’ 1989ರಲ್ಲಿ ಥಿಯೇಟರುಗಳನ್ನು ನಗಿಸಿ ತುಂಬಿಸಿದ ಚಿತ್ರ. ಶೇಕ್ಸ್‌ಪಿಯರನ ನಾಟಕವೊಂದು ಪರ್ವತವಾಣಿಯವರ ‘ಬಹದ್ದೂರ್ ಗಂಡ’ದ ಮೂಲಕ ನಮ್ಮಲ್ಲಿಗೆ ಬಂದ ಕಥೆ ಅದು. ಮಾಲಾಶ್ರೀಯವರ ಚುರುಕು ಇವತ್ತಿಗೂ ಕಣ್ಣು ಹಿಡಿಯುತ್ತದೆ. ಆದರೆ ಆ ನಗುವಿಗೆ ಸಾವಿರ ಜನರ ನಗುವಿನ ಆಸರೆ ಬೇಕಿತ್ತು. ಅಜ್ಜಿ, ಅಮ್ಮ, ಕಾಲೇಜಿಗೆ ಹೋಗುವ ಮಗಳು ಮೂವರೂ ಒಂದೇ ಸೋಫಾದಲ್ಲಿ ಕೂತಾಗ ಅದೇ ಜೋಕು ನೆಲಕ್ಕೆ ಬಿದ್ದು ಅಲ್ಲೇ ಉಳಿಯುತ್ತದೆ; ಮಗಳು ಕೇಳುವ ಒಂದು ಪ್ರಶ್ನೆಗೆ ಅಜ್ಜಿಯ ಬಳಿಯೂ ಉತ್ತರವಿರುವುದಿಲ್ಲ. ಇದಕ್ಕೆ ಹೋಲಿಸಿದರೆ ಫಣಿ ರಾಮಚಂದ್ರರ ‘ಗಣೇಶನ ಮದುವೆ’ಗೆ ಆಸರೆ ಬೇಡ. ಗೋಡೆಗೆ ಗೋಡೆ ಅಂಟಿದ ವಠಾರದ ಜಗಳ, ಬಾಡಿಗೆ, ಸುಳ್ಳು, ಎಲ್ಲವೂ ಮನೆಯೊಳಗಿನ ಮಾತುಗಳೇ. ಎಲ್ಲಿಂದ ನೋಡಲು ಶುರುಮಾಡಿದರೂ ಅದು ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತದೆ.

ಹೊಸದರಲ್ಲೂ ಹೀಗೆ ಕರೆದು ಕೂರಿಸುವ ಚಿತ್ರಗಳಿಲ್ಲವೇ? ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಹೆಸರನ್ನೇ ಕಾಣೆಯಾದವರ ಪ್ರಕಟಣೆಯಿಂದ ಎತ್ತಿಕೊಂಡಿದೆ. ಮರೆವಿನ ಕಾಯಿಲೆಯ ವೆಂಕೋಬರಾಯರಾಗಿ ಅನಂತನಾಗ್ ದಾರಿ ತಪ್ಪಿ ನಡೆಯುವುದನ್ನು ನೋಡುವಾಗ ಪಕ್ಕದ ಕೋಣೆಯಲ್ಲಿ ಮಲಗಿರುವ ಹಿರಿಯರ ಕೆಮ್ಮು ಕೇಳಿಸಿದರೆ ಅದು ಅಡ್ಡಿಯಲ್ಲ, ಚಿತ್ರದ್ದೇ ಒಂದು ಭಾಗ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಯ ಜನರೇ ನಟರು. ಅವರ ಆಡುಮಾತು ತಪ್ಪಿಹೋದರೆ ಹಿಂದಕ್ಕೆ ಎಳೆದು ಮತ್ತೆ ಕೇಳಬಹುದು, ಗಡ್ಡಪ್ಪನ ಜೊತೆ ಇನ್ನೊಂದು ಸುತ್ತು ಹೊಲದ ಬದುವಿನ ಮೇಲೆ ಓಡಾಡಬಹುದು; ಥಿಯೇಟರು ಕೊಡದ ಸೌಲಭ್ಯ ಇದು. ಇದರ ಲಾಭ ಹೆಚ್ಚು ಪಡೆದದ್ದು ‘ಉಳಿದವರು ಕಂಡಂತೆ’. ಒಂದೇ ಕಥೆಯನ್ನು ಹಲವರ ಕಣ್ಣಿಂದ ಹೇಳಿ, ಕರಾವಳಿಯ ಕನ್ನಡವನ್ನು ಸೋಸದೆ ಇಟ್ಟ ಆ ಚಿತ್ರ 2014ರಲ್ಲಿ ಥಿಯೇಟರಿನಲ್ಲಿ ಗೆಲ್ಲಲಿಲ್ಲ. ಆಮೇಲೆ ಅದಕ್ಕೆ ಸಿಕ್ಕ ಅಭಿಮಾನಿಗಳಲ್ಲಿ ಮನೆಯಲ್ಲಿ ನೋಡಿದವರೂ ಇದ್ದಾರೆ. ‘ದಿಯಾ’ದ ಹಣೆಬರಹವೂ ಹಾಗೇ: 2020ರ ಫೆಬ್ರವರಿಯಲ್ಲಿ ತೆರೆಗೆ ಬಂತು, ಮುಂದಿನ ತಿಂಗಳು ಥಿಯೇಟರುಗಳೇ ಮುಚ್ಚಿದವು, ಮನೆಮನೆಯಲ್ಲಿ ಬದುಕಿಕೊಂಡಿತು.

ಎಲ್ಲ ನಿರ್ದೇಶಕರೂ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿನಿಮಾ ಮಾಡಬೇಕೆಂದು ಇದರ ಅರ್ಥವಲ್ಲ. ಹಾಗೆ ಮಾಡಿದರೆ ಸಿಗುವುದು ಧಾರಾವಾಹಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ಲೆಕ್ಕದಲ್ಲಿ ಹಳೆಯದೇ. ಆದರೂ ಅದು ನಮ್ಮ ಹಾಲಿನ ಗದ್ದಲಕ್ಕೆ ‘ಕಾಂತಾರ’ಕ್ಕಿಂತ ಬೇಗ ಸೋಲುತ್ತದೆ. ಅಲ್ಲಿ ವಿಧವೆ ಯಮುನೆಗೆ ಆದದ್ದನ್ನು ಯಾರೂ ನಮಗಾಗಿ ಎರಡು ಸಲ ಹೇಳುವುದಿಲ್ಲ. ವೇದ ಕಲಿಯಲು ಬಂದ ಪುಟ್ಟ ನಾಣಿಗೆ ಎಷ್ಟು ಅರ್ಥವಾಯಿತೋ ಅಷ್ಟನ್ನೇ ಚಿತ್ರ ನಮಗೂ ಕೊಡುತ್ತದೆ. ಮೊಬೈಲ್ ನೋಡಿ ತಲೆ ಎತ್ತುವಷ್ಟರಲ್ಲಿ ಆ ಹುಡುಗನ ಒಂದು ನೋಟ ಕಳೆದುಹೋದರೆ ಚಿತ್ರವೇ ಕಳೆದುಹೋದಂತೆ. ಅಂಥದ್ದನ್ನು ಸೋಫಾದ ಮೇಲೆ ಕಾಲು ಚಾಚಿ, ‘ಬೋರು, ನಿಧಾನ’ ಎಂದು ತಳ್ಳಿಹಾಕುವ ಹಕ್ಕು ನಮಗೆ ಎಲ್ಲಿಂದ ಬಂತು? ಹೊಸ ತಲೆಮಾರಿನ ‘ಸಪ್ತ ಸಾಗರದಾಚೆ ಎಲ್ಲೋ’ಗೂ ಇದೇ ದೂರು ಬಿತ್ತು, ಅದೂ ಬಹಳ ಮಟ್ಟಿಗೆ ಸೋಫಾದ್ದೇ ದೂರು. ‘ಘಟಶ್ರಾದ್ಧ’ವನ್ನು ಈಗ ಶುಚಿಗೊಳಿಸಿ ಹೊಸ ಪ್ರತಿ ತೆಗೆದಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆಕಂಡಿತು. ಆ ಪ್ರತಿ ಎಂದಾದರೂ ನಿಮ್ಮ ಮನೆಗೆ ಬಂದರೆ ಕಿಟಕಿಯ ಪರದೆ ಎಳೆಯಿರಿ, ಮೊಬೈಲನ್ನು ಒಳಕೋಣೆಯಲ್ಲಿಟ್ಟು ಬನ್ನಿ, ಒಗ್ಗರಣೆಯನ್ನು ಮೊದಲೇ ಹಾಕಿ ಮುಗಿಸಿ.