ಎಡಗಡೆಯ ಆಸನ

ಬೆಂಗಳೂರಿನ ಯಶವಂತಪುರದಲ್ಲಿ ದಿನ ಆರಂಭವಾಗುವುದು ಸಂಜೆಗೆ. ಉಳಿದ ಬಡಾವಣೆಗಳು ದೀಪ ಹಚ್ಚಿ ಮನೆ ಸೇರುವ ಹೊತ್ತಿಗೆ ಇಲ್ಲಿಯ ಮಾರುಕಟ್ಟೆಯ ಪ್ರಾಂಗಣ ಮೈಮುರಿದು ಏಳುತ್ತದೆ. ಹಗಲಿನ ಹಲವು ಗಂಟೆಗಳ ಕಾಲ ಭಾರೀ ವಾಹನಗಳಿಗೆ ನಗರದೊಳಗೆ ಪ್ರವೇಶವಿಲ್ಲದ ಕಾರಣ, ಕಟ್ಟಿಹಾಕಿದ ಆನೆಗಳಂತೆ ನಿಂತಿದ್ದ ಲಾರಿಗಳು ಒಂದೊಂದಾಗಿ ಕೆಮ್ಮುತ್ತ ಎಚ್ಚರಗೊಳ್ಳುತ್ತವೆ. ಈರುಳ್ಳಿಯ ಚೀಲಗಳು ಹಮಾಲಿಗಳ ಬೆನ್ನೇರಿ ಬರುತ್ತವೆ. ಬೆಲ್ಲದ ಘಮ, ಡೀಸೆಲಿನ ಕಮಟು, ಚಹದಂಗಡಿಯ ಶುಂಠಿಯ ವಾಸನೆ ಒಂದರೊಡನೊಂದು ಬೆರೆತುಹೋಗುತ್ತವೆ. ಕರ್ನಾಟಕದ ಅಡಿಗೆಮನೆಗಳಿಗೆ ಬೇಕಾದ ಸಾಮಗ್ರಿಯ ದೊಡ್ಡದೊಂದು ಪಾಲು ಹೀಗೆ ರಾತ್ರಿಯಲ್ಲಿ, ಗೃಹಿಣಿಯರು ನಿದ್ರಿಸುತ್ತಿರುವಾಗ, ಊರಿಂದೂರಿಗೆ ಪಯಣಿಸುತ್ತದೆ.

ಈ ಗದ್ದಲದ ನಡುವೆ ನೋಡುವ ಕಣ್ಣಿಗೆ ಒಂದು ಸೋಜಿಗ ಕಾಣದಿರದು. ಕೆಲವು ಲಾರಿಗಳ ಮುಂಗನ್ನಡಿಯ ಮೇಲೆ ‘ಡ್ರೈವರ್ ಬೇಕಾಗಿದ್ದಾರೆ’ ಎಂಬ ಕಾಗದದ ಚೀಟಿ. ಅದೇ ಲಾರಿಯ ನೆರಳಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಕಡತವನ್ನು ಎದೆಗವಚಿಕೊಂಡು ನಿಂತ, ಡ್ರೈವರಿಕೆಯ ಲೈಸೆನ್ಸು ಪಡೆದ ತರುಣ. ಡ್ರೈವರುಗಳೇ ಸಿಕ್ಕುವುದಿಲ್ಲವೆಂದು ಮಾಲೀಕರು ಗೋಳಾಡುತ್ತಾರೆ. ಕೆಲಸವೇ ಸಿಕ್ಕುವುದಿಲ್ಲವೆಂದು ತರುಣರು ಅಲೆಯುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ಅಂಥ ತರುಣರಲ್ಲಿ ಒಬ್ಬ ಶಿರಾ ಕಡೆಯವನು. ಮನೆಯಲ್ಲಿ ಮಳೆಯನ್ನೇ ನಂಬಿದ ಎರಡೆಕರೆ ಕಡಲೆಕಾಯಿ ಹೊಲ. ಲಾರಿ ನಡೆಸುವುದನ್ನು ಕಲಿಸುವ ಶಾಲೆಯ ಶುಲ್ಕಕ್ಕಾಗಿ ತಾಯಿ ತನ್ನ ಕಿವಿಯ ಓಲೆಗಳನ್ನು ಅಡವಿಟ್ಟಿದ್ದಳು. ಓಲೆಗಳ ಮೇಲಿನ ಬಡ್ಡಿ ತಿಂಗಳು ತಿಂಗಳಿಗೂ ತಪ್ಪದೆ ಬೆಳೆಯುತ್ತಿತ್ತು. ಹೊಲದ ಬೆಳೆಗೆ ಮಾತ್ರ ಆ ನಿಯತ್ತು ಇರಲಿಲ್ಲ.

ಲೈಸೆನ್ಸಿನ ದಾರಿಯೂ ಸುಲಭದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ಹದಿನೆಂಟು ತುಂಬಿದವನು ಕಾರು ನಡೆಸಬಹುದು; ಸಾರಿಗೆ ವಾಹನ ನಡೆಸಬೇಕಾದರೆ ಇಪ್ಪತ್ತು ತುಂಬಬೇಕು. ಹಗುರ ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾದರೂ ಕಳೆದಿದ್ದರೆ ಮಾತ್ರ ಭಾರೀ ವಾಹನದ ಕಲಿಕೆಗೆ ಅನುಮತಿ. ಎಂಟನೆಯ ತರಗತಿ ಓದಿರಬೇಕೆಂಬ ಕಟ್ಟಳೆಯನ್ನು 2019ರಲ್ಲಿ ತೆಗೆದುಹಾಕಿದ್ದರಿಂದ ಬಡವರ ಮಕ್ಕಳಿಗೆ ಒಂದು ಬಾಗಿಲು ತೆರೆಯಿತು. 2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಭಾರೀ ವಾಹನದ ಶಿಕ್ಷಣಕ್ಕೆ ಆರು ವಾರಗಳಲ್ಲಿ 38 ಗಂಟೆಗಳೆಂದು ಗೊತ್ತುಮಾಡಲಾಗಿದೆ. ಇವೆಲ್ಲ ಮೆಟ್ಟಿಲುಗಳನ್ನು ಹತ್ತಿ ಬಂದವನಿಗೆ ಕಾಣುವುದು ಬಾಗಿಲಲ್ಲ, ಗೋಡೆ.

ಸರಕು ಸಾಗಣೆಯ ಕಛೇರಿಯೊಂದರಲ್ಲಿ ಗುಮಾಸ್ತರು ಕಡತವನ್ನು ತೆರೆದು ನೋಡಿ ಕೇಳಿದರು:

“ಎಷ್ಟು ವರ್ಷ ಲಾರಿ ಓಡ್ಸಿದ್ದೀಯಪ್ಪ?”

“ಲೈಸೆನ್ಸ್ ಬಂದು ಮೂರು ತಿಂಗಳಾಯ್ತು ಸಾರ್. ಒಂದು ವರ್ಷ ಟೆಂಪೋ ಓಡ್ಸಿದ್ದೀನಿ.”

“ಟೆಂಪೋ ಲೆಕ್ಕಕ್ಕಿಲ್ಲ. ಹತ್ತು ಚಕ್ರದ ಗಾಡೀನ ಎರಡು ವರ್ಷ ಓಡ್ಸಿ ಆಮೇಲೆ ಬಾ.”

“ಯಾರೂ ಗಾಡಿ ಕೊಡದೇ ಇದ್ರೆ ಎಲ್ಲಿ ಓಡ್ಸ್ಲಿ ಸಾರ್?”

ಗುಮಾಸ್ತರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸುತ್ತ, “ಅದು ನನಗೂ ತಿಳೀದು ಕಣಪ್ಪ” ಎಂದರು.

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ನಮ್ಮ ಹಿರಿಯರ ಗಾದೆ ಈ ಕಛೇರಿಗಳಿಗಾಗಿಯೇ ಹುಟ್ಟಿದಂತಿದೆ. ಹಾಗೆಂದು ಮಾಲೀಕನನ್ನು ಹಳಿಯುವುದೂ ಸಲ್ಲದು. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಬಹುಮಂದಿ ಒಂದೆರಡು, ಹೆಚ್ಚೆಂದರೆ ನಾಲ್ಕೈದು ಗಾಡಿಗಳ ಒಡೆಯರು. ಹತ್ತಾರು ಲಕ್ಷ ರೂಪಾಯಿಯ ಸಾಲದ ಕಂತು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ. 2018ರಲ್ಲಿ ತೂಕದ ಮಿತಿಯನ್ನು ಏರಿಸಿದ ಮೇಲೆ, ಹತ್ತು ಚಕ್ರದ ಲಾರಿ ಸರಕೂ ಸೇರಿ 28.5 ಟನ್ನಿನಷ್ಟು ತೂಗಬಹುದು. ಅಷ್ಟು ಭಾರವನ್ನು, ಅಷ್ಟು ಸಾಲವನ್ನು, ಎದುರು ಬರುವವರ ಪ್ರಾಣವನ್ನು ಮೂರು ತಿಂಗಳ ಲೈಸೆನ್ಸಿನ ಕೈಗೆ ಒಪ್ಪಿಸುವುದೆಂದರೆ ಯಾರಿಗಾದರೂ ಎದೆ ನಡುಗುತ್ತದೆ.

ಹಿಂದೆ ಈ ತೊಡಕು ಇರಲಿಲ್ಲವೇ? ಇದ್ದಿತು, ಆದರೆ ಅದಕ್ಕೊಂದು ಉಪಾಯವೂ ಇದ್ದಿತು. ಲಾರಿಯ ಎಡಗಡೆಯ ಆಸನವೇ ಆ ಉಪಾಯ. ಅಲ್ಲಿ ಕೂರುತ್ತಿದ್ದವನು ಕ್ಲೀನರ್. ಗಾಜೊರೆಸುವುದು, ಕಬ್ಬಿಣದ ಸಲಾಕೆಯಿಂದ ಟೈರನ್ನು ಬಡಿದು ಶಬ್ದದಿಂದಲೇ ಗಾಳಿಯ ಮಟ್ಟವನ್ನು ಅರಿಯುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಗಾಡಿ ಹಿಂದಕ್ಕೆ ಬರುವಾಗ ಮೈತಟ್ಟಿ ದಾರಿ ತೋರಿಸುವುದು, ನಡುರಾತ್ರಿಯಲ್ಲಿ ಮಾತನಾಡುತ್ತ ಡ್ರೈವರನ ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದು — ಇವೇ ಅವನ ಪಾಠಗಳು. ನಾಲ್ಕೈದು ವರ್ಷ ಹೀಗೆ ಸೇವೆ ಮಾಡಿದ ಮೇಲೆ, ಬಯಲು ರಸ್ತೆಯಲ್ಲಿ, ಜನಸಂಚಾರವಿಲ್ಲದ ಹೊತ್ತಿನಲ್ಲಿ, ‘ಗುರು’ವಿನ ಅಪ್ಪಣೆ ದೊರೆಯುತ್ತಿತ್ತು. ಆ ಗುರುಕುಲದಲ್ಲಿ ಬೈಗುಳವೂ ಇತ್ತು, ಪೆಟ್ಟೂ ಇತ್ತು, ಶಾಲೆ ಬಿಟ್ಟು ಬಂದ ಎಳೆಯ ಮಕ್ಕಳ ದುಡಿಮೆಯೂ ಇತ್ತು. ಲೈಸೆನ್ಸಿಲ್ಲದವನ ಕೈಗೆ ಸ್ಟೀರಿಂಗ್ ಕೊಡುವ ಅಪರಾಧವೂ ಇತ್ತು. ಅದನ್ನು ಹೊಗಳಿ ಹಾಡಬೇಕಾಗಿಲ್ಲ. ಆದರೆ ಕಲಿಯುವವನಿಗೆ ಕುಳಿತುಕೊಳ್ಳಲು ಒಂದು ಜಾಗವಿತ್ತು.

ಇಂದು ಆ ಜಾಗ ಬರಿದಾಗುತ್ತಿದೆ. ಖರ್ಚು ಉಳಿಸಲೆಂದು ಎಷ್ಟೋ ಮಾಲೀಕರು ಕ್ಲೀನರನನ್ನು ಕೈಬಿಟ್ಟರು. ರಾಷ್ಟ್ರೀಯ ರಹದಾರಿಯ ಲಾರಿಗಳಲ್ಲಿ ಇಬ್ಬರು ಡ್ರೈವರುಗಳಿರಬೇಕೆಂಬ ನಿಯಮವನ್ನೂ 2018ರಲ್ಲಿ ಸಡಿಲಿಸಲಾಯಿತು. 2025ರ ಅಕ್ಟೋಬರಿನಿಂದ ತಯಾರಾಗುವ ಹೊಸ ಲಾರಿಗಳ ಡ್ರೈವರ್ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬಿಸಿಲಲ್ಲಿ ಬೆಂದವರಿಗೆ ಅದು ನ್ಯಾಯವಾದ ಸೌಕರ್ಯವೇ. ಆದರೆ ಆ ತಂಪಿನಲ್ಲಿ ಪಕ್ಕದ ಆಸನ ಖಾಲಿ.

ಆ ಸಂಜೆ ಶಿರಾದ ತರುಣ ಕಛೇರಿಯ ಮೆಟ್ಟಿಲಿಳಿಯುತ್ತಿದ್ದಾಗ, ಮಂಗಳೂರಿಗೆ ಈರುಳ್ಳಿ ತುಂಬಿಸುತ್ತಿದ್ದ ಐವತ್ತು ದಾಟಿದ ಡ್ರೈವರ್ ಅವನನ್ನು ಕರೆದ.

“ಕ್ಲೀನರ್ ಆಗಿ ಬರ್ತೀಯೇನೋ ತಮ್ಮ? ಊಟ, ಬತ್ತೆ ಕೊಡ್ತೀನಿ. ಸಂಬಳ ಗಿಂಬಳ ಕೇಳ್ಬೇಡ.”

ತರುಣ ಒಂದು ಗಳಿಗೆ ನಿಂತ. ಡ್ರೈವರನಾಗಿ ಹೋಗುತ್ತೇನೆಂದು ಊರಿಗೆಲ್ಲ ಹೇಳಿ ಬಂದವನು ಅವನು. ಆಮೇಲೆ ಕಡತವನ್ನು ಚೀಲಕ್ಕೆ ಹಾಕಿ, “ಬರ್ತೀನಣ್ಣ” ಎಂದು ಹಗ್ಗದ ತುದಿ ಹಿಡಿದ.

ರಾತ್ರಿ ಒಂಬತ್ತಕ್ಕೆ ಲಾರಿ ಹೊರಟಿತು. ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ. ಅಲ್ಲಿಯ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಕೆಲಸ ಕಲಿಯುವ ಹುಡುಗರಿಗೆ 1961ರ ಅಪ್ರೆಂಟಿಸ್ ಕಾಯಿದೆಯ ಆಸರೆಯುಂಟು; ಕಲಿಯುವ ಕಾಲಕ್ಕೆ ಅವಧಿಯುಂಟು, ಭತ್ಯೆಯುಂಟು, ಕೊನೆಗೊಂದು ಪ್ರಮಾಣಪತ್ರವುಂಟು. ಆ ಕಾರ್ಖಾನೆಗಳ ಸರಕನ್ನು ಹೊತ್ತು ಸಾಗುವ ಲಾರಿಯಲ್ಲಿ ಕಲಿಯಬೇಕಾದ ಹುಡುಗನ ಪಾಲಿಗೆ ಇದಾವುದೂ ಬಂದಿಲ್ಲ. ಅವನು ಸಾವಿರ ಮೈಲಿ ಎಡಗಡೆ ಕುಳಿತು ಕಲಿತರೂ ಅದು ಯಾವ ಪುಸ್ತಕದಲ್ಲಿಯೂ ದಾಖಲಾಗದು.

ನೆಲಮಂಗಲದಲ್ಲಿ ತುಮಕೂರಿನ ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿದರೆ ಮಂಗಳೂರಿನ ಹೆದ್ದಾರಿ. ಕುಣಿಗಲ್, ಸಿದ್ಧಲಿಂಗೇಶ್ವರರ ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ — ಒಂದೊಂದು ಊರೂ ದೀಪಗಳ ಸಣ್ಣ ಗೊಂಚಲಾಗಿ ಬಂದು ಹಿಂದೆ ಸರಿಯಿತು. ಹೇಮಾವತಿಯ ದಡದ ಸಕಲೇಶಪುರಕ್ಕೆ ಬಂದಾಗ ಬೆಳಗಿನ ಜಾವ ನಾಲ್ಕು. ಮಾರ್ಗಶಿರದ ಮಂಜು ಕಾಫಿ ತೋಟಗಳ ಮೇಲೆ ಹತ್ತಿ ಹಿಂಜಿದಂತೆ ಹರಡಿತ್ತು. ಹಿರಿಯ ಡ್ರೈವರ್ ಚಹ ಕುಡಿದು, ಎಲ್ಲ ಚಕ್ರಗಳನ್ನೂ ತರುಣನಿಂದ ಬಡಿಸಿ ನೋಡಿ, ಬ್ರೇಕಿನ ಗಾಳಿಯ ಒತ್ತಡ ಸರಿಯಾಗಿ ಏರುವವರೆಗೆ ಕಾದ.

ಮುಂದೆ ದೋಣಿಗಾಲ್, ಮಾರನಹಳ್ಳಿ. ಅಲ್ಲಿಂದಾಚೆ ಗುಂಡ್ಯದವರೆಗೂ ಶಿರಾಡಿ ಘಾಟಿ. ಕಾಂಕ್ರೀಟು ಹಾಕುವುದಕ್ಕಾಗಿ 2015ರಲ್ಲೊಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆಯಿದು. 2018ರ ಮಳೆಗಾಲದಲ್ಲಿಯೂ 2024ರ ಮಳೆಗಾಲದಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಒಂದು ಕಡೆ ನೀರೊಸರುವ ಬಂಡೆ. ಮತ್ತೊಂದು ಕಡೆ ಕಾಡು ತುಂಬಿದ ಕಣಿವೆ, ಅದರಾಳದಲ್ಲಿ ಹೊಳೆಯ ಸದ್ದು.

“ಏರಿದ ಗೇರಲ್ಲೇ ಇಳೀಬೇಕು ತಮ್ಮ,” ಎಂದ ಹಿರಿಯ. “ಗಾಡಿ ಹಿಡಿಯೋದು ಬ್ರೇಕಲ್ಲ, ಗೇರು.”

ಆ ಮಾತಿನಲ್ಲಿ ಒಂದು ಪೂರ್ತಿ ಶಾಸ್ತ್ರವೇ ಅಡಗಿದೆ. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಅದರ ಲೈನಿಂಗ್ ಕಾದು ಹಿಡಿತ ತಪ್ಪುತ್ತದೆ. ಆಮೇಲೆ ಎಷ್ಟು ತುಳಿದರೂ ಗಾಡಿ ಕೇಳದು. ಕೆಳಗಿನ ಗೇರಿನಲ್ಲಿಟ್ಟರೆ ಎಂಜಿನ್ನೇ ಭಾರವನ್ನು ಹಿಂದಕ್ಕೆ ಜಗ್ಗುತ್ತದೆ. ಡೀಸೆಲ್ ಉಳಿಸುವ ಆಸೆಗೆ ಗೇರು ತಪ್ಪಿಸಿ ಜಾರಬಿಡುವವನು ಸಾವಿನೊಡನೆ ಪಂದ್ಯ ಕಟ್ಟಿದಂತೆಯೇ ಸರಿ. ಇದೆಲ್ಲ ತರಬೇತಿಯ ಪುಸ್ತಕದಲ್ಲಿಯೂ ಇದೆ. ತರುಣ ಓದಿ ಉತ್ತರ ಬರೆದಿದ್ದ. ಆದರೆ ಶಾಲೆಯ ಲಾರಿ ಖಾಲಿ ಲಾರಿ. ಅದು ಓಡಿದ್ದು ಹಗಲಿನಲ್ಲಿ, ಸಮತಟ್ಟಾದ ನೆಲದಲ್ಲಿ. ತುಂಬಿದ ಲಾರಿ ತಿರುವಿನಲ್ಲಿ ಹೇಗೆ ಒರಗುತ್ತದೆ, ಬಿಸಿಯಾದ ಬ್ರೇಕಿನ ವಾಸನೆ ಹೇಗಿರುತ್ತದೆ, ಮಂಜಿನಲ್ಲಿ ಎದುರು ಗಾಡಿಯ ದೀಪ ಎಷ್ಟು ದೂರದಲ್ಲಿದೆಯೆಂದು ಅಂದಾಜಿಸುವುದು ಹೇಗೆ — ಇವನ್ನು ಅವನು ಆ ಮುಂಜಾವಿನಲ್ಲಿ, ಎಡಗಡೆಯ ಆಸನದಲ್ಲಿ, ಎರಡು ಕೈಗಳನ್ನೂ ಮುಷ್ಟಿ ಕಟ್ಟಿ ಕುಳಿತು ಕಲಿತ. ಹಿಂದಿನ ಗಾಡಿ ಹಾರನ್ ಬಾರಿಸಿದರೂ ಹಿರಿಯ ಅವಸರಪಡಲಿಲ್ಲ. ಅಗಲವಾದ ಜಾಗ ಬಂದೊಡನೆ ಪಕ್ಕಕ್ಕೆ ಸರಿದು ಅದನ್ನು ಮುಂದೆ ಬಿಟ್ಟ. ಅದೂ ಒಂದು ಪಾಠವೇ.

ಗುಂಡ್ಯದಲ್ಲಿ ಬೆಳಕು ಹರಿಯಿತು. ಚಳಿ ಮಾಯವಾಗಿ ಕರಾವಳಿಯ ಸೆಕೆ ಮೈಗೆ ತಾಗಿತು. ನೆಲ್ಯಾಡಿ ಕಳೆದು ಕುಮಾರಧಾರೆ ನೇತ್ರಾವತಿಯನ್ನು ಕೂಡುವ ಉಪ್ಪಿನಂಗಡಿ ದಾಟಿದ ಮೇಲೆ ಹಿರಿಯ ಲಾರಿಯನ್ನು ಬದಿಗೆ ನಿಲ್ಲಿಸಿದ.

“ಲೈಸೆನ್ಸ್ ಜೇಬಲ್ಲಿದೆಯೇನೋ?”

“ಚೀಲದಲ್ಲಿದೆ ಅಣ್ಣ.”

“ತೆಗೆದು ಜೇಬಲ್ಲಿಟ್ಕೊ. ಈ ಕಡೆ ಬಾ.”

ತರುಣ ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೊದಲ ಗೇರು ಕಿರ್ರೆಂದಿತು. ಹಿರಿಯ ಏನೂ ಅನ್ನಲಿಲ್ಲ. ಬಿ.ಸಿ. ರೋಡಿನವರೆಗೆ ಲಾರಿ ಎಲ್ಲಿಯೂ ಅವಸರಿಸದೆ, ಸಾಲುಗಟ್ಟಿ ಹೋಗುವ ಶಾಲೆಯ ಮಕ್ಕಳನ್ನು ಕಂಡಲ್ಲೆಲ್ಲ ತಗ್ಗಿ, ಸಾಗಿತು. ಅವನ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಅದು ಕರಾವಳಿಯ ಸೆಕೆಯಿಂದ ಮಾತ್ರವಲ್ಲ.

ಮಂಗಳೂರಿನ ಗೋದಾಮಿನ ಮುಂದೆ ಲಾರಿಯನ್ನು ಹಿಮ್ಮುಖವಾಗಿ ಒಳಗೆ ತರಬೇಕಾದಾಗ ಹಿರಿಯನೇ ಮತ್ತೆ ಸ್ಟೀರಿಂಗ್ ಹಿಡಿದ. ತರುಣ ಕೆಳಗಿಳಿದು ಲಾರಿಯ ಮೈ ತಟ್ಟುತ್ತ “ಬರ್ಲಿ, ಬರ್ಲಿ” ಎಂದು ಕೂಗಿದ. ಚೀಲಗಳು ಇಳಿಯುತ್ತಿದ್ದಾಗ ಹಿರಿಯ ಬೆಂಗಳೂರಿನ ಮಾಲೀಕನಿಗೆ ದೂರವಾಣಿ ಮಾಡಿದ.

“ಲೋಡ್ ಇಳೀತಾ ಇದೆ ಸಾವ್ಕಾರ್ರೆ. ಒಬ್ಬ ಹುಡುಗನ್ನ ಕರ್ಕೊಂಡು ಬಂದಿದ್ದೆ. ಉಪ್ಪಿನಂಗಡಿಯಿಂದ ಬಿ.ಸಿ. ರೋಡ್‌ಗಂಟ ಅವನೇ ಓಡ್ಸ್ದ. ಕೈ ನಿಧಾನ, ಆದ್ರೆ ಕಣ್ಣು ಚೆನ್ನಾಗೈತೆ.”

ಆ ಕಡೆಯಿಂದ ಬಹಳ ಹೊತ್ತು ಉತ್ತರವಿಲ್ಲ. ಕೊನೆಗೆ ಬಂದುದು ಇಷ್ಟೇ: “ಇನ್ನೊಂದೆರಡು ಟ್ರಿಪ್ ಜೊತೇಲಿಟ್ಕೊ. ಆಮೇಲೆ ನೋಡೋಣ.”

ಅದು ಕೆಲಸವಲ್ಲ, ಸಂಬಳವೂ ಅಲ್ಲ. ಶಿರಾದ ಅಡವಿನಂಗಡಿಯ ಬಡ್ಡಿಯನ್ನು ಅದು ನಿಲ್ಲಿಸಲಾರದು. ಆದರೂ ಮೂರು ತಿಂಗಳಿಂದ ‘ಇಲ್ಲ’ ಎಂಬುದನ್ನೇ ಕೇಳಿದ್ದ ಕಿವಿಗೆ ‘ನೋಡೋಣ’ ಎಂಬುದೂ ಮಂಗಳವಾದ್ಯವೇ. ತರುಣ ಸಲಾಕೆ ಹಿಡಿದು, ಯಾರೂ ಹೇಳದಿದ್ದರೂ, ಹತ್ತು ಚಕ್ರಗಳನ್ನೂ ಒಂದೊಂದಾಗಿ ಬಡಿಯತೊಡಗಿದ. ಸಂಜೆಗೆ ಮತ್ತೆ ಘಾಟಿ ಹತ್ತಬೇಕಾಗಿತ್ತು.