ಬಿಚ್ಚದ ಗಂಟು

ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ತೂಗುತ್ತಿರುವ ಪ್ಲಾಸ್ಟಿಕ್ ಚೀಲವನ್ನು ಒಮ್ಮೆ ನೋಡಿರಿ. ನನ್ನ ಮನೆಯಲ್ಲಿಯೂ ಅಂಥದೊಂದಿತ್ತು. ತರಕಾರಿಯ ಸಿಪ್ಪೆ, ಉಳಿದ ಅನ್ನವನ್ನೆಲ್ಲ ಅದರಲ್ಲಿ ತುಂಬಿ, ಬಾಯಿ ಬಿಗಿದು, ಬೀದಿಯ ತೊಟ್ಟಿಗೆ ಹಾಕುವುದು ನನ್ನ ರೂಢಿಯಾಗಿತ್ತು. ನೆರೆಮನೆಯ ಹಸು ಅಲ್ಲಿಗೆ ಬರುತ್ತಿತ್ತು. ಹಸಿದ ಮೂಕಪ್ರಾಣಿಗೆ ಗಂಟು ಬಿಚ್ಚಲು ಬರುವುದೇ? ಅದು ಚೀಲದೊಂದಿಗೇ ನುಂಗುತ್ತಿತ್ತು. ಒಂದು ದಿನ ಹಸು ಸತ್ತಿತು. ಪಶುವೈದ್ಯರು ಅದರ ಹೊಟ್ಟೆಯಿಂದ ತೆಗೆದ ಪ್ಲಾಸ್ಟಿಕ್ ಮುದ್ದೆಯನ್ನು ಕಣ್ಣಾರೆ ಕಂಡೆ. ಅದರಲ್ಲಿ ನಾನು ಕಟ್ಟಿದ ಗಂಟುಗಳೂ ಇದ್ದಿರಬೇಕು.

ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಇರಲಾರದೇ ಎಂದು ಅಂದಿನಿಂದ ಹುಡುಕಿ ಓದತೊಡಗಿದೆ. ಇದೆ. ಅದನ್ನು ತಯಾರಿಸುವುದು ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ! 1920ರ ದಶಕದಲ್ಲಿಯೇ ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಮಾರಿಸ್ ಲೆಮ್ವಾನ್ ಇದನ್ನು ಗುರುತಿಸಿದ್ದರು. ಸುಗ್ಗಿಯಲ್ಲಿ ನಮ್ಮ ಹಿರಿಯರು ಕಣಜ ತುಂಬಿಡುತ್ತಿದ್ದರಲ್ಲವೇ? ಈ ಸೂಕ್ಷ್ಮಜೀವಿಗಳ ರೀತಿಯೂ ಅದೇ. ಇಂಗಾಲದ ಆಹಾರ ಯಥೇಚ್ಛವಾಗಿದ್ದು, ಬೆಳೆಯಲು ಬೇಕಾದ ಸಾರಜನಕದಂಥ ಪೋಷಕಾಂಶ ಕಡಿಮೆಯಾದಾಗ, ಅವು ಹೆಚ್ಚಿನ ಆಹಾರವನ್ನು ಒಂದು ಬಗೆಯ ಪ್ಲಾಸ್ಟಿಕ್ ಕಣಗಳಾಗಿ ತಮ್ಮೊಳಗೇ ಕೂಡಿಡುತ್ತವೆ. ಅದು ಕೂಡಿಟ್ಟ ಅನ್ನವೇ ಆದುದರಿಂದ, ಮಣ್ಣಿನಲ್ಲಿಯೂ ಕಡಲಿನಲ್ಲಿಯೂ ಇರುವ ಇತರ ಸೂಕ್ಷ್ಮಜೀವಿಗಳು ಅದನ್ನು ಉಂಡು ಜೀರ್ಣಿಸಿಕೊಳ್ಳಬಲ್ಲವು.

ಜಪಾನಿನ ಕನೇಕ ಕಂಪನಿಯವರು 1991ರಲ್ಲಿ ತಕಾಸಾಗೊದ ತಮ್ಮ ಕಾರ್ಖಾನೆಯ ಮಣ್ಣಿನಲ್ಲಿಯೇ ಇಂಥ ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಅದು ತಯಾರಿಸುವ ಪ್ಲಾಸ್ಟಿಕ್ ಬಾಗುವ ಗುಣವುಳ್ಳದ್ದು. ಆದರೆ ಕೂಡಿಡುವುದು ಅತ್ಯಲ್ಪ. ಆದುದರಿಂದ ವಿಜ್ಞಾನಿಗಳು ಅದರ ವಂಶವಾಹಿಯನ್ನು ಹೇರಳವಾಗಿ ಕೂಡಿಡಬಲ್ಲ ಇನ್ನೊಂದು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದಕ್ಕೆ ಸಸ್ಯಜನ್ಯ ಎಣ್ಣೆಯನ್ನು ಉಣಿಸಿದರು. 2019ರ ಕೊನೆಯಲ್ಲಿ ಅಲ್ಲಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಘಟಕ ಸಿದ್ಧವಾಯಿತು. ಹೀರುಕೊಳವೆ, ಚಮಚ, ಚೀಲಗಳು ಅದರಿಂದ ತಯಾರಾಗುತ್ತವೆ.

ಇದನ್ನು ಓದಿದಾಗ ಮನಸ್ಸಿಗೆ ದೊಡ್ಡ ನೆಮ್ಮದಿಯೆನಿಸಿತು. ಇನ್ನು ನಿಶ್ಚಿಂತೆಯಿಂದ ಎಸೆಯಬಹುದು ಎಂದುಕೊಂಡೆ. ಮರುಕ್ಷಣವೇ ಆ ನೆಮ್ಮದಿಗೆ ನಾಚಿದೆ. ಆ ಚೀಲ ಕರಗುವುದಕ್ಕೂ ತೇವ, ಬಿಸುಪು, ಸೂಕ್ಷ್ಮಜೀವಿಗಳು, ಕಾಲಾವಕಾಶ ಎಲ್ಲವೂ ಬೇಕು. ಹಸುವಿನ ಹಸಿವು ಅಷ್ಟು ಕಾಲ ಕಾಯುವುದೇ? ಅಲ್ಲದೆ ಎಣ್ಣೆಯೆಂದರೆ ಯಾರದೋ ಒಗ್ಗರಣೆಯ ಎಣ್ಣೆ. ಅದನ್ನು ಬೆಳೆಯಲು ನೆಲ ಬೇಕು. ತಾಳೆ ಎಣ್ಣೆಗಾಗಿ ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಕಾಡುಗಳೇ ನೆಲಕ್ಕುರುಳಿವೆ. ಐದು ನಿಮಿಷದ ಬಳಕೆಗೆ ಅಷ್ಟನ್ನು ವ್ಯಯಿಸುವುದು ನ್ಯಾಯವೇ?

ವಿಜ್ಞಾನಿಗಳ ಶ್ರಮವನ್ನು ನಾನು ಕಿರಿದಾಗಿಸುತ್ತಿಲ್ಲ. ಪ್ಲಾಸ್ಟಿಕ್ ಇಲ್ಲದೆ ನಡೆಯದ ಕಡೆ ಇಂಥದೇ ಬರಲಿ. ಆದರೆ ನಮ್ಮ ಅಸಡ್ಡೆಯನ್ನು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಾ ಎಲ್ಲಿಯೂ ಇಲ್ಲ. ಈಗ ನಾನು ಸಿಪ್ಪೆಗಳನ್ನು ಹಿತ್ತಿಲಿನ ಗುಂಡಿಗೆ ಸುರಿಯುತ್ತೇನೆ. ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯುತ್ತೇನೆ. ನೀವೂ ನಾಳೆ ಚೀಲದ ಬಾಯಿ ಬಿಗಿಯುವ ಮುನ್ನ ಅರೆಗಳಿಗೆ ನಿಲ್ಲಿರಿ. ಅದನ್ನು ಬಿಚ್ಚಬಲ್ಲ ಕೈಗಳಿರುವುದು ನಮಗೆ ಮಾತ್ರ.